ಆರು ನಿಮಿಷದ ನೀರು

"ಕೈ ತೆಗೀರಿ. ನೀರು ಇನ್ನೂ ಮಲಗಿಲ್ಲ."

ಹೀಗೆಂದು ಕೊಳದಯ್ಯ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ನನ್ನದು ಸಾಮಾನ್ಯ ಕೈಯಲ್ಲ. ಮೂವತ್ತು ವರ್ಷ ಹಡಗು ವಿಮೆಯ ತನಿಖೆ ಮಾಡಿ, ಮುಳುಗದ ಹಡಗನ್ನು ಮುಳುಗಿತೆಂದು ಅತ್ತವರ ಕೊರಳಪಟ್ಟಿಗೆ ಬಿದ್ದ ಕೈ. ಕಡಿಮೆಯೆಂದರೂ ಸಾವಿರ ಕೊರಳಪಟ್ಟಿ. ಕೆಲವು ಬಂದರುಗಳಲ್ಲಿ ನಾನು ಕೆಮ್ಮಿದರೆ ಸಾಕು, ಲಂಗರುಗಳು ತಾವಾಗಿ ಮೇಲೇಳುತ್ತಿದ್ದವು. ಅಂಥ ಕೈಯನ್ನು, ಊದಿದರೆ ಹಾರಿಹೋಗುವಂಥ ಸಣಕಲು ಮನುಷ್ಯರೊಬ್ಬರು ಎರಡೇ ಬೆರಳಲ್ಲಿ ಹಿಡಿದು ನಿಲ್ಲಿಸಿದ್ದರು.

ಹಡಗು ಮಗುಚಿ ಮೂರು ತಿಂಗಳಾಗಿತ್ತು. ಸತ್ತವರು ಒಂಬತ್ತು ಜನ. ಅವರಲ್ಲೊಬ್ಬ ಅದರ ಕ್ಯಾಪ್ಟನ್, ನನ್ನ ತಂಗಿಯ ಗಂಡ. ಅಲೆಗೆ ಅಡ್ಡಲಾಗಿ ಹಡಗು ತಿರುಗಿಸಿದ್ದು ಅವನದೇ ತಪ್ಪೆಂದು ವಿಚಾರಣಾ ಮಂಡಳಿ ಇವತ್ತು ಸಂಜೆ ಐದಕ್ಕೆ ಸಹಿ ಹಾಕಲಿತ್ತು.

ಆಗ ಗಂಟೆ ಮೂರೂವರೆ.

ಬೆಳಿಗ್ಗೆ ಮನೆಯಿಂದ ಹೊರಡುವಾಗ ತಂಗಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಅಪರಾಧಿಯನ್ನು ಮಧ್ಯಾಹ್ನದೊಳಗೆ ಕೂದಲು ಹಿಡಿದು ತರುತ್ತೇನೆ, ಬೇಕಿದ್ದರೆ ಇಬ್ಬರನ್ನು ತರುತ್ತೇನೆ ಎಂದು ನಾನು ಎಂದಿನಂತೆ ಹೇಳಿದ್ದೆ. ಅವಳು ನಗಲಿಲ್ಲ. "ಅಣ್ಣ, ನೀನು ಹೇಳೋ ಹತ್ತು ಮಾತಲ್ಲಿ ಒಂದು ನಿಜ ಇರತ್ತೆ. ಇವತ್ತು ಆ ಒಂದನ್ನ ಮಾತ್ರ ತಗೊಂಡು ಬಾ," ಅಂದಿದ್ದಳು.

ಆ ಒಂದನ್ನು ಹುಡುಕಿಕೊಂಡು ಈ ಕೊಳಕ್ಕೆ ಬಂದಿದ್ದೆ.

ಕೊಳವೆಂದರೆ ಕಮಲ ಅರಳುವ ಕೊಳವಲ್ಲ. ಹಡಗು ವಿನ್ಯಾಸ ಮಾಡುವ ಸಂಸ್ಥೆಯ ನೆಲಮಾಳಿಗೆಯಲ್ಲಿ, ನೂರು ಮೀಟರ್ ಉದ್ದದ, ಕಿಟಕಿಯಿಲ್ಲದ ಹಜಾರದ ತುಂಬ ಕಟ್ಟಿದ ಸಿಮೆಂಟಿನ ತೊಟ್ಟಿ. ಹಡಗಿನ ಮರದ ಮಾದರಿಗಳನ್ನು ಇದರಲ್ಲಿ ತೇಲಿಬಿಟ್ಟು ಪರೀಕ್ಷಿಸುತ್ತಾರೆ. ಇದನ್ನು ನೋಡಿಕೊಳ್ಳುವವರೇ ಕೊಳದಯ್ಯ. ಈ ಕೊಳ ನನಗೆ ಅಂಗೈ ಗೆರೆಯಷ್ಟು ಪರಿಚಯವೆಂದು, ಇಲ್ಲಿ ನಿಂತು ಕಂಡ ಪರೀಕ್ಷೆಗಳು ಲೆಕ್ಕವಿಲ್ಲವೆಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದೇನೆ. ನಿಜಕ್ಕೆ ಒಳಗೆ ಕಾಲಿಟ್ಟದ್ದು ಇವತ್ತೇ ಮೊದಲು. ಊಟದ ತಟ್ಟೆಯ ಮುಂದೆ ಆಡಿದ ಮಾತಿಗೆ ಯಾರು ರಸೀತಿ ಕೇಳುತ್ತಾರೆ?

ಮಗುಚಿದ ಹಡಗಿನ ಮಾದರಿ ನಮ್ಮೆದುರು ತೇಲುತ್ತಿತ್ತು. ಮೂರು ಮೀಟರ್ ಉದ್ದ, ಹಳದಿ ಬಣ್ಣ. ಪರೀಕ್ಷೆ ಬಹಳ ಸರಳ. ಮಾದರಿಯ ಒಂದು ಅಂಚನ್ನು ಒತ್ತಿ, ಪಕ್ಕಕ್ಕೆ ವಾಲಿಸಿ, ಕೈ ಬಿಡಬೇಕು. ಅದು ಅತ್ತ ಇತ್ತ ಎಷ್ಟು ಸಲ ಓಲಾಡಿ ನಿಲ್ಲುತ್ತದೆಂದು ಎಣಿಸಬೇಕು. ಬೇಗ ನಿಂತರೆ ಒಳ್ಳೆಯ ಹಡಗು. ನಿಲ್ಲದೆ ಓಲಾಡುತ್ತಲೇ ಇದ್ದರೆ, ಮುಂದಿನ ಅಲೆ ಬಂದು ಅದೇ ಓಲಾಟಕ್ಕೆ ಇನ್ನೊಂದು ನೂಕು ಕೊಡುತ್ತದೆ, ಅದರಾಚೆಯದು ಮತ್ತೊಂದು.

ಈ ಹಡಗು ಐದು ಓಲಾಟಕ್ಕೆ ನಿಲ್ಲುತ್ತದೆಂದು ಮಂಡಳಿಯ ಕಡತದಲ್ಲಿತ್ತು. ಒಂದಲ್ಲ, ಎರಡು ವರದಿ. ಮೇಲಿನ ಮಹಡಿಯ ಕಂಪ್ಯೂಟರ್ ಐದು ಎಂದಿತ್ತು. ಕೆಳಗಿನ ಕೊಳವೂ ಐದು ಎಂದಿತ್ತು. ಲೆಕ್ಕವೂ ನೀರೂ ಒಂದೇ ಮಾತು ಹೇಳಿದ ಮೇಲೆ ಹಡಗು ಒಳ್ಳೆಯದು, ಕ್ಯಾಪ್ಟನ್ ಕೆಟ್ಟವನು ಎಂದು ಮಂಡಳಿ ತೀರ್ಮಾನಿಸಿತ್ತು.

ನಾನು ಒತ್ತಿ ಬಿಟ್ಟಾಗ ಅದು ಹನ್ನೊಂದು ಸಲ ಓಲಾಡಿತು.

ಕೊಳದಯ್ಯ ಅದನ್ನು ಒಪ್ಪಲಿಲ್ಲ. ಕೈಯಲ್ಲಿ ತಳ್ಳಿದ್ದು ಪರೀಕ್ಷೆಯಲ್ಲ, ಇಷ್ಟು ದಿನ ಅಟ್ಟದಲ್ಲಿದ್ದ ಮಾದರಿ, ಮರ ಉಬ್ಬಿರಬಹುದು, ಸರಿಯಾಗಿ ಮಾಡಿದಾಗ ಐದೇ ಬಂದಿತ್ತು, ಕಡತದಲ್ಲಿ ತಮ್ಮದೇ ಮುದ್ರೆ ಇದೆ ಎಂದರು. ನನ್ನ ಮುಖ ನೋಡದೆ, ಪಾಠ ಒಪ್ಪಿಸಿದ ಹಾಗೆ ಹೇಳಿದರು. ಸರಿ, ಇನ್ನೊಮ್ಮೆ ನೋಡೋಣ ಎಂದು ನಾನು ಅಂಚಿಗೆ ಕೈ ಹಾಕಿದ್ದೆ. ಆಗಲೇ ಅವರು ಮಣಿಕಟ್ಟು ಹಿಡಿದದ್ದು.

"ಮಲಗೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದೆ.

"ಅದರ ಮನಸ್ಸು."

ಅಂಚಿನ ಬೆಂಚಿನ ಮೇಲೆ ಕುಳಿತೆವು. ಅವರು ಜೇಬಿನಿಂದ ಬೆರಳುಗುರಿನಷ್ಟು ಬೆಂಡಿನ ಚೂರು ತೆಗೆದು ನೀರಿಗೆ ಬಿಟ್ಟರು. ನೀರು ಕನ್ನಡಿಯ ಹಾಗೆ ಕಾಣುತ್ತಿದ್ದರೂ ಚೂರು ಮೆಲ್ಲನೆ ಅತ್ತ ಹೋಯಿತು, ಇತ್ತ ಬಂತು. ಕಣ್ಣಿಗೆ ಕಾಣದ ಅಲೆ ದೂರದ ಗೋಡೆಗೆ ಹೋಗಿ ತಿರುಗಿ ಬರುತ್ತಿರುತ್ತದಂತೆ. ಅದಿರುವಾಗ ಮಾದರಿ ತಳ್ಳಿದರೆ ಅಳತೆಯೆಲ್ಲ ಸುಳ್ಳಾಗುತ್ತದೆ. ಬೆಂಡು ಕದಲದೆ ನಿಂತು, ನೂರು ಎಣಿಸಿದ ಮೇಲೂ ನಿಂತೇ ಇದ್ದರೆ ನೀರು ಮಲಗಿತೆಂದು ಅರ್ಥ. ಮೂವತ್ತೊಂದು ವರ್ಷದಿಂದ ಹೀಗೆಯೇ ಮಾಡುತ್ತಿದ್ದಾರೆ. ಇದನ್ನೆಲ್ಲ ಅವರು ಪಿಸುಮಾತಿನಲ್ಲಿ ಹೇಳಿದರು. ಕೊಳದ ಪಕ್ಕ ದನಿ ಏರಿಸಿದ್ದು ತನಗೆ ನೆನಪೇ ಇಲ್ಲ, ಮನೆಯಲ್ಲಿ ಹೆಂಡತಿ ತನ್ನ ಕಿವಿಯೇ ಮಂದವಾಗಿದೆ ಅಂದುಕೊಂಡಿದ್ದಾಳೆ, ತಪ್ಪು ತಮ್ಮ ಬಾಯಿಯದು ಎಂದು ಮೆಲ್ಲಗೆ ನಕ್ಕರು.

ನಾನು ಗಡಿಯಾರ ನೋಡುತ್ತಿದ್ದೆ. ಇಪ್ಪತ್ತೆರಡು ನಿಮಿಷಕ್ಕೆ ಬೆಂಡು ನಿಂತಿತು.

ಚೀಲದಿಂದ ಕೊಳದ ದಿನಚರಿಯ ನಕಲು ತೆಗೆದೆ. ಪುಟಗಳ ತಲೆಯಲ್ಲಿ 'ಒಟ್ಟು ಹತ್ತೊಂಬತ್ತು' ಎಂದಿತ್ತು, ನನಗೆ ಸಿಕ್ಕದ್ದು ಹದಿನೆಂಟು. ಆ ಕೊರತೆಯನ್ನು ಹದ್ದಿಗಿಂತ ಹರಿತವಾದ ನನ್ನ ಕಣ್ಣು ಮೊದಲ ದಿನವೇ ಗುರುತಿಸಿತ್ತು. ಆದರೆ ಎಲ್ಲಕ್ಕಿಂತ ದೊಡ್ಡದಾಗಿ ಬರೆದಿದ್ದನ್ನು ಹದಿನೈದು ದಿನದಿಂದ ನೋಡಿಯೂ ನೋಡಿರಲಿಲ್ಲ.

ಒಂದನೆಯ ಪರೀಕ್ಷೆ, ಒಂದು ಗಂಟೆಗೆ. ಎರಡನೆಯದು, ಒಂದು ಗಂಟೆ ಆರು ನಿಮಿಷಕ್ಕೆ. ಮೂರನೆಯದು, ಹನ್ನೆರಡು ನಿಮಿಷಕ್ಕೆ. ಹೀಗೆ ಇಪ್ಪತ್ತನಾಲ್ಕು ಪರೀಕ್ಷೆ, ಕೊನೆಯದು ಮೂರು ಗಂಟೆ ಹದಿನೆಂಟು ನಿಮಿಷಕ್ಕೆ.

ಹಾಳೆಯನ್ನು ಕೊಳದಯ್ಯನ ತೊಡೆಯ ಮೇಲಿಟ್ಟೆ. ನೀರು ಮಲಗಲು ಬಿಟ್ಟಿದ್ದರೆ ಇವಿಷ್ಟಕ್ಕೆ ಎಂಟೂವರೆ ಗಂಟೆ ಬೇಕಿತ್ತು, ಅಂದು ಮಾತ್ರ ನಿಮ್ಮ ನೀರಿಗೆ ನಿದ್ದೆ ಬೇಡವಾಯಿತೇ ಎಂದು ಕೇಳಿದೆ.

ಅವರು ಬಹಳ ಹೊತ್ತು ಓದಿದರು. ಎಲ್ಲವನ್ನೂ ಸಹಿಸಬಹುದಿತ್ತು, ಇದನ್ನು ಸಹಿಸಲಾಗಲಿಲ್ಲ ಎಂಬಂತೆ ಹಾಳೆಯನ್ನು ಬೆಂಚಿನ ಮೇಲೆ ಮಗುಚಿಟ್ಟರು.

"ಮುದ್ರೆ ನನ್ನದು. ಅಕ್ಷರ ನನ್ನದಲ್ಲ," ಅಂದರು. "ಆ ತಿಂಗಳು ಇಲ್ಲಿ ನೀರೇ ಇರಲಿಲ್ಲ. ತಳ ಬಿರುಕು ಬಿಟ್ಟಿತ್ತು. ಏಳು ವಾರ ಖಾಲಿ ತೊಟ್ಟಿ."

ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲವೆಂದು ಕೇಳಿದೆ. ಒಂಬತ್ತು ಹೆಣ ದಡಕ್ಕೆ ಬಂದ ಮೇಲೂ ಎರಡು ಮಹಡಿ ಇಳಿದು ಬಂದು ಕೇಳಿದವರು ಯಾರೂ ಇಲ್ಲ. ಕೇಳಿದರೆ ಹೂಂ ಅಂದುಬಿಡಿ ಎಂದು ಸಂಸ್ಥೆಯ ದೊಡ್ಡ ಸಾಹೇಬರು ಮುಂಚೆಯೇ ಹೇಳಿ ಕಳಿಸಿದ್ದರು. ನಿವೃತ್ತಿಗೆ ಎರಡು ತಿಂಗಳಿತ್ತು. ಅಷ್ಟೇ ಕಾರಣ. ಅದಕ್ಕಿಂತ ದೊಡ್ಡ ಕಾರಣ ಇರುತ್ತದೆಂದು ನಾನು ಕಾಯುತ್ತಿದ್ದೆ, ಇರಲಿಲ್ಲ.

"ಆರು ನಿಮಿಷ ಅಂತ ಬರೆಯೋರು ನೀರಿನ ಹತ್ತಿರ ಬಂದೇ ಇಲ್ಲ ಸ್ವಾಮಿ," ಎಂದು ಅವರು ಚಾವಣಿಯತ್ತ ಕಣ್ಣು ಎತ್ತಿದರು. "ಮೇಲೆ ಹೋಗಿ ನೋಡಿ. ಅಲ್ಲಿ ಪ್ರತಿ ಸಲ ಹೊಸ ನೀರು."

ಎರಡು ಮಹಡಿಯನ್ನು ನಾನು ಮೂರೇ ನೆಗೆತದಲ್ಲಿ ಹತ್ತಿದೆ. ಮೂರಲ್ಲದಿದ್ದರೆ ಮೂವತ್ತಿರಬಹುದು, ಮೇಲೆ ತಲುಪಿದಾಗ ಉಸಿರು ನನ್ನ ಹಿಂದೆ ಎಲ್ಲೋ ಉಳಿದಿತ್ತು.

ಕಂಪ್ಯೂಟರ್ ಕೋಣೆಯ ಒಡತಿಯನ್ನು ಕಚೇರಿಯಲ್ಲೆಲ್ಲ ಜಾಲರಿ ಮೇಡಂ ಎನ್ನುತ್ತಾರೆ. ಹಡಗಿನ ಸುತ್ತಲಿನ ನೀರನ್ನು ಕಂಪ್ಯೂಟರಿನಲ್ಲಿ ಲಕ್ಷಾಂತರ ಪುಟ್ಟ ಚೌಕಗಳಾಗಿ ಕತ್ತರಿಸಿ, ಒಂದು ಚೌಕದಿಂದ ಇನ್ನೊಂದಕ್ಕೆ ನೀರು ಹೇಗೆ ಹರಿಯುತ್ತದೆಂದು ಲೆಕ್ಕ ಹಾಕಿಸುವುದು ಅವರ ಕೆಲಸ. ಆ ಚೌಕಗಳ ಬಲೆಗೆ ಜಾಲರಿ ಎನ್ನುತ್ತಾರೆ. ನಲವತ್ತರ ಆಸುಪಾಸಿನ ಹೆಂಗಸು. ಮೇಜಿನ ಮೇಲೆ ಅರ್ಧ ಕುಡಿದು ಮರೆತ ನಾಲ್ಕು ಲೋಟ ಚಹಾ, ತೆರೆಯ ಮೇಲೆ ಓಲಾಡುವ ಹಡಗಿನ ಚಿತ್ರ.

ತನಿಖೆಯ ಗುಟ್ಟೊಂದು ಹೇಳುತ್ತೇನೆ, ಇದನ್ನು ಕಲಿಯಲು ಮೂರು ದೇಶದ ಪೊಲೀಸರು ನನ್ನ ಮನೆ ಬಾಗಿಲಲ್ಲಿ ಸಾಲು ನಿಂತಿದ್ದರು: ಮುಖ್ಯ ಪ್ರಶ್ನೆಯನ್ನು ಕುರ್ಚಿ ಎಳೆದುಕೊಳ್ಳುವಾಗ ಕೇಳಬೇಕು.

"ಒಂದು ಪರೀಕ್ಷೆ ಆದಮೇಲೆ ಇನ್ನೊಂದಕ್ಕೆ ಎಷ್ಟು ಹೊತ್ತು ಕಾಯ್ತೀರಿ ಮೇಡಂ?"

"ಯಾಕೆ ಕಾಯಬೇಕು?"

"ನೀರು ನಿಲ್ಲಬೇಕಲ್ಲ."

"ನಮ್ಮ ನೀರು ನಿಂತೇ ಇರತ್ತೆ. ಗುಂಡಿ ಒತ್ತಿದ್ರೆ ಮತ್ತೆ ಮೊದಲಿಂದ ಶುರು. ನೀವು ಹೊಸಬರಾ ಇದಕ್ಕೆ?"

"ಕೆಳಗಿನ ನೀರು?"

ಅವರ ಬೆರಳು ಕೀಲಿಮಣೆಯ ಮೇಲೆ ನಿಂತಿತು. ನಾನು ಹಾಳೆಯನ್ನು ಮುಂದಿಟ್ಟು, ಬೆಂಡಿನ ಚೂರಿನ ಕತೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಉಪ್ಪು ಖಾರ ಸೇರಿಸಲಿಲ್ಲ, ಬೇಕಿರಲಿಲ್ಲ.

"ಇಪ್ಪತ್ತೆರಡಾ?" ಅಂದರು ಅವರು, ತಮಗೆ ತಾವೇ.

"ಆರು ಎಲ್ಲಿಂದ ತಂದಿರಿ?"

"ವಾಲಿಸಿ ಬಿಡೋಕೆ ಒಂದು ನಿಮಿಷ, ಬರೆಯೋಕೆ ಎರಡು, ಮತ್ತೆ ಸಿದ್ಧ ಮಾಡೋಕೆ ಮೂರು." ಅವರು ನಕ್ಕರು, ಆ ನಗು ಅರ್ಧಕ್ಕೆ ಹುಳಿಯಾಯಿತು. "ಧಾರಾಳವಾಗೇ ಕೊಟ್ಟಿದೀನಿ ಅಂದ್ಕೊಂಡಿದ್ದೆ. ಹನ್ನೊಂದು ವರ್ಷ ಆಯ್ತು ಈ ಕಟ್ಟಡಕ್ಕೆ ಬಂದು. ಒಂದು ದಿನ ಕೆಳಗೆ ಇಳಿದಿಲ್ಲ."

ಒಪ್ಪಿಕೊಂಡಾಯಿತೆಂದು ನಾನು ಗೆದ್ದವನ ಹಾಗೆ ಕುರ್ಚಿಗೆ ಒರಗಿದೆ. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಕೇಳದೆ ಎಲ್ಲವನ್ನೂ ಹೇಳತೊಡಗಿದರು. ಯಾರಾದರೂ ಬರಲೆಂದು ಮೂರು ತಿಂಗಳು ಕಾದಿದ್ದವರ ಹಾಗಿತ್ತು ಅದು.

ಹಡಗಿನ ಹೊಟ್ಟೆಯ ಎರಡೂ ಮಗ್ಗುಲಿಗೆ, ನೀರಿನೊಳಗೆ, ಉದ್ದಕ್ಕೂ ಒಂದೊಂದು ಕಬ್ಬಿಣದ ಪಟ್ಟಿ ಇರುತ್ತದೆ. ಹಡಗು ಓಲಾಡಿದಾಗ ಪಟ್ಟಿಯ ಅಂಚಿನಲ್ಲಿ ನೀರು ಸುಳಿ ಸುತ್ತುತ್ತದೆ, ಆ ಸುಳಿಗಳೇ ಓಲಾಟದ ಸೊಕ್ಕನ್ನು ತಿಂದುಹಾಕುತ್ತವೆ. ಇಂಧನ ಉಳಿಯುತ್ತದೆಂದು ಮಾಲೀಕರು ಪಟ್ಟಿಯ ಅಗಲವನ್ನು ಅರ್ಧ ಮಾಡಿಸಬಹುದೇ ಎಂದು ಕೇಳಿದ್ದರು. ಸಣ್ಣ ಕಣ್ಣಿನ ಜಾಲರಿ ಹಾಕಿ ನೋಡಲು ಒಂಬತ್ತು ದಿನ ಬೇಕಿತ್ತು. ದೊಡ್ಡ ಸಾಹೇಬರು ಕೊಟ್ಟದ್ದು ಒಂದು ಮಧ್ಯಾಹ್ನ. ಮೇಡಂ ದೊಡ್ಡ ಕಣ್ಣಿನ ಜಾಲರಿ ಹಾಕಿದರು. ದೊಡ್ಡ ಚೌಕದಲ್ಲಿ ಸಣ್ಣ ಸುಳಿ ನಿಲ್ಲುವುದಿಲ್ಲ, ಲೆಕ್ಕವೇ ಅದನ್ನು ಸವರಿ ಚಪ್ಪಟೆ ಮಾಡುತ್ತದೆ. ಕಂಪ್ಯೂಟರಿನೊಳಗಿನ ನೀರು ನಿಜದಲ್ಲಿ ಇಲ್ಲದಷ್ಟು ಮಂದವಾಗುತ್ತದೆ.

"ಹರಳೆಣ್ಣೇಲಿ ತೇಲಿಸಿದ ಹಾಗೆ," ಅಂದರು. "ಎಣ್ಣೇಲಿ ಯಾವ ಹಡಗು ಓಲಾಡತ್ತೆ ಹೇಳಿ. ಐದಕ್ಕೇ ನಿಂತುಬಿಡ್ತು."

"ಗೊತ್ತಿದ್ದೂ ಬರೆದಿರಾ?"

"ಆಗ ಗೊತ್ತಿರಲಿಲ್ಲ. ನಂಬಿದ್ದೆ. ಕೊಳದ ಪರೀಕ್ಷೆ ಇಲ್ಲದೆ ಒಪ್ಪಿಗೆ ಸಿಗಲ್ಲ, ಕೊಳ ಖಾಲಿ ಇದೆ, ಹೇಗಿದ್ರೂ ಐದೇ ಬರೋದಲ್ವಾ, ನೀವೇ ತುಂಬಿಬಿಡಿ ಅಂದ್ರು ಸಾಹೇಬರು. ಬರೋದನ್ನೇ ತಾನೇ ಬರೀತಿರೋದು ಅನ್ನಿಸ್ತು."

ಹಾಗಾಗಿ ಎರಡು ವರದಿಗಳು ಕೂದಲೆಳೆಯಷ್ಟೂ ಬೇರೆಯಾಗದೆ ಹೊಂದಿದ್ದವು. ನಾಲ್ಕನೆಯ ಓಲಾಟದ ಗೆರೆಯಲ್ಲಿದ್ದ ಒಂದು ಸಣ್ಣ ಡೊಂಕು ಕೂಡ ಎರಡರಲ್ಲೂ ಇತ್ತು. ಒಬ್ಬಳೇ ಸಾಕ್ಷಿ ಎರಡು ಸೀರೆ ಉಟ್ಟು ಎರಡು ಬಾರಿ ಕಟಕಟೆ ಹತ್ತಿದ್ದಳು.

ಹಡಗು ಮಗುಚಿದ ವಾರ ಮೇಡಂ ಯಾರಿಗೂ ಹೇಳದೆ ಸಣ್ಣ ಜಾಲರಿ ಹಾಕಿ, ಒಂಬತ್ತು ದಿನ ಲೆಕ್ಕ ಓಡಿಸಿದ್ದರು. ತೆರೆಯ ಮೇಲೆ ಓಲಾಡುತ್ತಿದ್ದದ್ದು ಅದೇ. ಅರ್ಧ ಕತ್ತರಿಸಿದ ಪಟ್ಟಿಯ ತುದಿಯಲ್ಲಿ ಬೆರಳುಗುರಿನಷ್ಟು ಸುಳಿಗಳು ಹುಟ್ಟಿ, ಏನನ್ನೂ ತಿನ್ನಲಾಗದೆ ಹಿಂದೆ ಬೀಳುತ್ತಿದ್ದವು. ಎಣಿಸಬೇಡಿ, ಹನ್ನೊಂದು ಎಂದರು. ಆದರೂ ಎಣಿಸಿದೆ. ಹನ್ನೊಂದು.

ಮಗುಚಿದ ದಿನ ತಂಗಿಯ ಗಂಡ ಅಲೆಗೆ ಯಾವ ಕಡೆ ತಿರುಗಿಸಿದ್ದರೂ ಅವನ ಹಡಗು ನಿಲ್ಲುತ್ತಿರಲಿಲ್ಲ. ತಂಗಿಗೆ ಬೇಕಾದ ಆ ಒಂದು ನಿಜ ಇಲ್ಲಿ, ನಾಲ್ಕು ತಣ್ಣನೆಯ ಲೋಟಗಳ ನಡುವೆ, ಅತ್ತ ಇತ್ತ ಓಲಾಡುತ್ತಿತ್ತು.

ಇದನ್ನು ಬರೆದು ಸಹಿ ಹಾಕುತ್ತೀರಾ ಎಂದು ಕೇಳಿದೆ. ಅವರು ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದರು. ಎರಡು ತಿಂಗಳ ಹಿಂದೆಯೇ ಬರೆದಿಟ್ಟ ಹೇಳಿಕೆ, ತಾರೀಕಿನ ಜಾಗ ಮಾತ್ರ ಖಾಲಿ. ಅದನ್ನು ತುಂಬಿ ಕೊಟ್ಟರು. ಆಮೇಲೆ ಕಪಾಟಿನಿಂದ ದಿನಚರಿಯ ಮೂಲ ಪುಸ್ತಕ ತಂದು, ಎದೆಗೆ ಒತ್ತಿಕೊಂಡು ನಿಂತರು.

"ನಿಮ್ಮ ನಕಲಲ್ಲಿ ಕೊನೇ ಪುಟ ಇಲ್ಲ. ನಾನೇ ತೆಗೆದಿಟ್ಟೆ. ಕ್ಯಾಪ್ಟನ್ ಹೆಂಡತಿಗೆ ಅವರ ಹೆಸರಾದರೂ ಉಳೀಲಿ ಅಂತ."

ಹತ್ತೊಂಬತ್ತನೆಯ ಪುಟದಲ್ಲಿ ಒಂದೇ ಸಾಲು ಅಚ್ಚಾಗಿತ್ತು: ಮಾಲೀಕರ ಪರವಾಗಿ ಪರೀಕ್ಷೆಯನ್ನು ಕಣ್ಣಾರೆ ಕಂಡವರು. ಕೆಳಗೆ ನನ್ನ ತಂಗಿಯ ಗಂಡನ ಸಹಿ.

ಕೊನೆಯ ಅಕ್ಷರದ ಬಾಲ ಹಗ್ಗದ ಹಾಗೆ ಸುತ್ತಿಕೊಂಡಿತ್ತು. ನೀಲಿ ಶಾಯಿ. ಅವನ ಪೆನ್ನು ಎಲ್ಲಿದ್ದರೂ ಗುರುತು ಸಿಗುತ್ತದೆ, ಕಾಗದವನ್ನು ತೋಯಿಸಿ ಆಚೆ ಬದಿಗೆ ಇಳಿಯುವ ಪೆನ್ನು ಅದು. ಮದುವೆಯಲ್ಲಿ ನಾನೇ ಕೊಟ್ಟದ್ದು. ಇಂಥವು ಜಗತ್ತಿನಲ್ಲಿ ಮೂರೇ ಇವೆ, ಒಂದು ನೌಕಾಪಡೆಯ ಮುಖ್ಯಸ್ಥರಲ್ಲಿದೆ ಎಂದು ಹೇಳಿ ಕೊಟ್ಟಿದ್ದೆ. ಬಸ್ ನಿಲ್ದಾಣದ ಎದುರು ಕೊಂಡದ್ದು. ಅವನು ಬೇರೆ ಪೆನ್ನಿನಲ್ಲಿ ಎಂದೂ ಬರೆಯಲಿಲ್ಲ.

ಕಾಣದ್ದನ್ನು ಕಂಡೆನೆಂದು ಸಹಿ ಹಾಕಿದ್ದ. ಹಡಗು ಕೆಟ್ಟದ್ದೆಂದು ಸಾಬೀತು ಮಾಡಿದರೆ, ಅದನ್ನು ಒಳ್ಳೆಯದೆಂದು ಸಾಕ್ಷಿ ಹೇಳಿದವನೂ ಅವನೇ.

"ಬಂದಾಗ ಕೊಳ ಒಣಗಿತ್ತು," ಅಂದರು ಮೇಡಂ. "ಪರೀಕ್ಷೆ ಹೋದ ವಾರವೇ ಮುಗೀತು ಅಂದ್ವಿ. ನೋಡದೆ ಸಹಿ ಹಾಕಲ್ಲ ಅಂತ ಎದ್ದು ಹೋದ್ರು. ಮಾರನೇ ದಿನ ಅವರೇ ಬಂದು ಹಾಕಿದ್ರು. ಮನೇಲಿ ಯಾರನ್ನೋ ವಿಚಾರಿಸಿದೆ, ಸಮಾಧಾನ ಆಯ್ತು ಅಂದ್ರು."

"ಯಾರನ್ನ?"

"ನಾನು ಕೇಳಲಿಲ್ಲ. ಸಹಿ ಮೇಲೆ ಏನೋ ಎರಡು ಸಾಲು ಬರೆದ್ರು. ಪುಸ್ತಕ ಸಾಹೇಬರ ಕೋಣೆಗೆ ಹೋಗಿ ವಾಪಸ್ ಬಂದಾಗ ಹೀಗಿತ್ತು."

ಸಹಿಯ ಮೇಲೆ ದಪ್ಪನಾಗಿ ಬಿಳಿ ಬಣ್ಣ ಬಳಿದಿತ್ತು. ಉಗುರಿನಿಂದ ಕೆರೆಯಲು ಹೋದೆ. ಮೇಡಂ ನನ್ನ ಮಣಿಕಟ್ಟು ಹಿಡಿದರು. ಒಂದೇ ದಿನದಲ್ಲಿ ಎರಡನೆಯ ಬಾರಿ. ಮೂಲ ದಾಖಲೆ, ಗೀರು ಬಿದ್ದರೆ ಯಾವ ಮಂಡಳಿಯೂ ಮುಟ್ಟುವುದಿಲ್ಲ ಎಂದರು.

ಆಗ ಫೋನು ಅದುರಿತು. ತಂಗಿ.

"ಅಣ್ಣ, ಐದಕ್ಕೆ ಹತ್ತು ನಿಮಿಷ ಇದೆ. ಅಧ್ಯಕ್ಷರು ಐದರವರೆಗೆ ಕಾಯ್ತೀನಿ ಅಂದಿದ್ದಾರೆ. ಫೋನನ್ನ ಅವರ ಮೇಜಿನ ಮೇಲೆ ಇಟ್ಟಿದೀನಿ, ಇಲ್ಲಿ ಎಲ್ಲರಿಗೂ ಕೇಳಿಸತ್ತೆ. ಆ ಒಂದು ಸಿಕ್ಕಿತಾ?"

ಸಿಕ್ಕಿದೆ ಅಂದೆ. ಕೊಳ ಒಣಗಿತ್ತು, ಪರೀಕ್ಷೆ ನಡೆದೇ ಇಲ್ಲ, ಬರೆದವರ ಸಹಿಯ ಹೇಳಿಕೆ ಕೈಯಲ್ಲಿದೆ ಎಂದೆ. ಆಚೆ ಕುರ್ಚಿಗಳು ಸರಿದ ಸದ್ದು. ಆಮೇಲೆ ಒಂದು ಗಂಡು ದನಿ, ಅಧ್ಯಕ್ಷರದಿರಬೇಕು, ತಣ್ಣಗೆ ಕೇಳಿತು: ಹಾಗಾದರೆ ಪರೀಕ್ಷೆಯನ್ನು ಕಂಡೆನೆಂದು ಕ್ಯಾಪ್ಟನ್ ಸಹಿ ಹಾಕಿದ್ದಾರೆಂದು ಸಂಸ್ಥೆಯವರು ಹೇಳುತ್ತಿದ್ದಾರಲ್ಲ, ಅದು ಏನು?

"ಸುಳ್ಳು ಅಲ್ವಾ ಅಣ್ಣ?" ಅಂದಳು ತಂಗಿ. "ಅವರು ನೋಡದೇ ಇರೋದಕ್ಕೆ ಸಹಿ ಹಾಕೋರಲ್ಲ. ಹೇಳು ಇವರಿಗೆ."

ನಾನು ಪುಟವನ್ನು ಮಗುಚಿದೆ. ಹಿಂಬದಿಯಲ್ಲಿ ಶಾಯಿ ಇಳಿದಿತ್ತು. ಮುಂದೆ ಬಿಳಿ ಬಳಿದವರು ಈ ಪೆನ್ನಿನ ಗುಣ ತಿಳಿಯದವರು. ಅಕ್ಷರಗಳು ತಿರುಗುಮುರುಗಾಗಿದ್ದವು. ಮೇಡಂ ಕೈ ಚಾಚಿ ಕಂಪ್ಯೂಟರಿನ ತೆರೆಯನ್ನು ಆರಿಸಿದರು. ಓಲಾಡುತ್ತಿದ್ದ ಹಡಗು ಮಾಯವಾಗಿ ಕಪ್ಪು ಗಾಜು ಉಳಿಯಿತು. ಪುಟವನ್ನು ಅದರೆದುರು ಹಿಡಿದಾಗ ಅಕ್ಷರಗಳು ನೆಟ್ಟಗಾದವು.

'ಕೊಳದಲ್ಲಿ ನೀರಿಲ್ಲ. ಪರೀಕ್ಷೆಯನ್ನು ನಾನು ಕಂಡಿಲ್ಲ.'

ಅವನು ಸುಳ್ಳು ಹೇಳಿರಲಿಲ್ಲ. ಇದೊಂದು ಸಾಲು ಸಾಕು, ಅವನ ಹೆಸರು ತೊಳೆದು ಬರುತ್ತದೆ. ಓದುತ್ತೇನೆ ಕೇಳಿ ಎಂದು ಫೋನಿಗೆ ಹೇಳಿ, ಎರಡನೆಯ ಸಾಲಿಗೆ ಕಣ್ಣು ಹಾಯಿಸಿದೆ.

'ನನ್ನ ಹೆಂಡತಿಯ ಅಣ್ಣ ತಾವೇ ಕೊಳದ ಪಕ್ಕ ನಿಂತು ಪರೀಕ್ಷೆ ನೋಡಿದ್ದಾಗಿ ನಿನ್ನೆ ಊಟಕ್ಕೆ ಕುಳಿತಾಗ ಹೇಳಿದರು. ಅವರ ಮಾತಿನ ಮೇಲೆ ಸಹಿ ಹಾಕಿದ್ದೇನೆ.'

ಕಪ್ಪು ಗಾಜಿನಲ್ಲಿ ಆ ಅಕ್ಷರಗಳ ಹಿಂದೆ ನನ್ನ ಮುಖವೂ ಇತ್ತು. ಆ ರಾತ್ರಿ ನಾನು ಹೇಳಿದ್ದು ನೆನಪಿಗೆ ಬಂತು; ವರದಿಯಲ್ಲಿ ಐದು ಅಂತಿದೆ, ನಿಜವೇ ಎಂದು ಅವನು ಕೇಳಿ ಮುಗಿಸುವ ಮೊದಲೇ ಹೇಳಿದ್ದೆ, ಐದು ಓಲಾಟ, ಆಮೇಲೆ ತೊಟ್ಟಿಲ ಮಗುವಿನ ಹಾಗೆ ಸುಮ್ಮನಾಯಿತು ಎಂದು ಕೈಯಲ್ಲಿ ತೂಗಿ ತೋರಿಸಿದ್ದೆ. ತಂಗಿ ಬಡಿಸುತ್ತಿದ್ದಳು.

"ಓದು ಅಣ್ಣ," ಅಂದಳು ಅವಳು. "ಎಲ್ಲರೂ ಕೇಳ್ತಿದ್ದಾರೆ."

ಗೋಡೆಯ ಗಡಿಯಾರದಲ್ಲಿ ಇನ್ನೂ ಆರು ನಿಮಿಷವಿತ್ತು.